ಚಹಾಪುಡಿ ಇಲ್ಲದ ಕೆನೆಚಹಾ

ಬೆಳಗಾವಿಯಲ್ಲಿ ಮಳೆ ಹಿಡಿಯಿತೆಂದರೆ ಒಲೆಯ ಮೇಲಿನ ಚಹಾದ ಬೋಗುಣಿ ಕೆಳಗಿಳಿಯುವುದೇ ಇಲ್ಲ. ಎದ್ದ ಕೂಡಲೇ ಒಂದು ಕಪ್ಪು, ಹತ್ತು ಗಂಟೆಗೆ ಒಂದು, ನೆಂಟರು ಬಂದರೆಂದು ಒಂದು, ಅವರು ಹೊರಟು ನಿಂತರೆಂದು ಇನ್ನೊಂದು. ಇದರಲ್ಲಿ ನನಗೆ ತಕರಾರಿದ್ದದ್ದು ಸಂಜೆ ಏಳರ ಕಪ್ಪಿನ ಬಗ್ಗೆ ಮಾತ್ರ. ಅದನ್ನು ಕುಡಿದ ದಿನ ನಡುರಾತ್ರಿಯ ತನಕ ತಗಡಿನ ಮೇಲೆ ಬೀಳುವ ಹನಿಗಳನ್ನು ಎಣಿಸುತ್ತ ಮಲಗಿರುತ್ತಿದ್ದೆ. ಬಿಡೋಣವೆಂದರೆ, ಆ ಹೊತ್ತಿಗೆ ಕೈಯಲ್ಲಿ ಬಿಸಿ ಕಪ್ಪುಬಸಿ ಇಲ್ಲದಿದ್ದರೆ ದಿನ ಮುಗಿದಂತೆಯೇ ಅನಿಸುವುದಿಲ್ಲ.

ಹೀಗಾಗಿ ಪೇಟೆಯಿಂದ ತುಳಸಿ, ಶುಂಠಿ ತುಂಬಿದ ಪುಟ್ಟ ಚೀಲಗಳ ಡಬ್ಬಿಯೊಂದನ್ನು ತಂದೆ. ಹಾಲು ಕುದಿಸಿ, ಚೀಲ ಅದ್ದಿ, ಸಕ್ಕರೆ ಹಾಕಿ ಮನೆಮಂದಿಗೆಲ್ಲ ಕೊಟ್ಟೆ. ವಿಜಯಪುರದಿಂದ ಬಂದಿದ್ದ ಅತ್ತೆ ಒಂದು ಗುಟುಕು ಕುಡಿದು ಕಪ್ಪನ್ನು ಬಸಿಯ ಮೇಲಿಟ್ಟರು. "ಯಾರಿಗೆ ಜ್ವರ ಬಂದಿದೆ?" ಎಂದು ಕೇಳಿದರು.

ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ಕಪ್ಪಿನಲ್ಲಿದ್ದದ್ದು ಔಷಧದ ವಾಸನೆಯ ತೆಳು ಹಾಲು. ಯಾಕೆ ಹಾಗಾಯಿತೆಂದು ಹುಡುಕುತ್ತ ಹೋಗಿ, ಹಲವು ಬೋಗುಣಿ ಹಾಲು ಒಡೆದು, ಕೊನೆಗೆ ಒಂದು ದಾರಿಗೆ ಬಂದಿದ್ದೇನೆ. ಕೆಫೆಗಳಲ್ಲಿ ಇಂಥದ್ದಕ್ಕೆ ಹರ್ಬಲ್ ಲಾಟೆ ಎನ್ನುತ್ತಾರೆ. ಲಾಟೆ ಎಂಬ ಇಟಲಿಯ ಮಾತಿಗೆ ಹಾಲು ಎಂದಷ್ಟೇ ಅರ್ಥ. ನಮ್ಮ ಮನೆಯಲ್ಲಿ ಅದರ ಹೆಸರು ಕೆನೆಚಹಾ, ಅದರಲ್ಲಿ ಚಹಾ ಇಲ್ಲದಿದ್ದರೂ.

ಚಹಾಪುಡಿ ಮಾಡುತ್ತಿದ್ದ ಕೆಲಸ

ಚಹಾಪುಡಿಯನ್ನು ಕೈಬಿಟ್ಟರೆ ಹೋಗುವುದು ಕೆಫೀನ್ ಒಂದೇ ಎಂದು ನಾನು ತಿಳಿದಿದ್ದೆ. ಅದರ ಜೊತೆಗೆ ಬಣ್ಣ ಹೋಗುತ್ತದೆ, ಮುಖ್ಯವಾಗಿ ಒಗರು ಹೋಗುತ್ತದೆ. ಬಾಳೆಕಾಯಿಯನ್ನು ಕಚ್ಚಿದರೆ ನಾಲಿಗೆ ಒಣಗಿ ಬಿಗಿದಂತಾಗುತ್ತದಲ್ಲ, ಅದೇ ಒಗರು. ಅದನ್ನು ತರುವ ಟ್ಯಾನಿನ್ ಅಂಶಗಳಿಗೆ ಪ್ರೋಟೀನ್ ಕಂಡರೆ ಅಂಟಿಕೊಳ್ಳುವ ಸ್ವಭಾವ. ಹಾಲಿಲ್ಲದ ಚಹಾ ಕುಡಿದಾಗ ಅವು ನಮ್ಮ ಜೊಲ್ಲಿನ ಪ್ರೋಟೀನಿಗೆ ಅಂಟಿ ಬಾಯಿಯನ್ನು ಒಣಗಿಸುತ್ತವೆ. ಹಾಲು ಬೆರೆಸಿದರೆ ಹಾಲಿನ ಕೇಸಿನ್ ಎಂಬ ಪ್ರೋಟೀನನ್ನು ಹಿಡಿದುಕೊಂಡು ಮೆತ್ತಗಾಗುತ್ತವೆ. ಖಡಕ್ ಚಹಾಕ್ಕೆ ಎಷ್ಟು ಹಾಲು ಸುರಿದರೂ ಅದು ಸೋಲದೆ ನಿಲ್ಲುವುದು ಈ ಹಿಡಿತದಿಂದ.

ತುಳಸಿಯಲ್ಲಿ ಪರಿಮಳ ಉಂಟು, ಶುಂಠಿಯಲ್ಲಿ ಖಾರ ಉಂಟು, ಪುದೀನದಲ್ಲಿ ತಂಪು ಉಂಟು. ಚಹಾದಷ್ಟು ಒಗರು ಯಾವುದರಲ್ಲಿಯೂ ಇಲ್ಲ. ಹಾಲಿನೊಂದಿಗೆ ಕುಸ್ತಿಗಿಳಿದರೆ ಮೊದಲ ಪಟ್ಟಿಗೇ ಚಿತ್. ಆದ್ದರಿಂದ ಚಹಾಪುಡಿಯ ಜಾಗದಲ್ಲಿ ಒಂದು ಸೊಪ್ಪನ್ನು ತಂದು ಕೂರಿಸಿದರೆ ಸಾಲದು. ಕಷಾಯವನ್ನು ಗಟ್ಟಿಯಾಗಿ ಇಳಿಸಬೇಕು, ಹುರಿದ ಪದಾರ್ಥ ಒಂದಾದರೂ ಅದರಲ್ಲಿರಬೇಕು, ಹಾಲಿಗೆ ಮೈ ತುಂಬಿಸಬೇಕು.

ಕೆಫೀನಿನ ಲೆಕ್ಕವನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ. ದಿನವಿಡೀ ಎಚ್ಚರವಿರುವ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಕೂಡುತ್ತ ಹೋಗುತ್ತದೆ. ಅದು ತನಗೆಂದೇ ಇರುವ ಜಾಗಗಳಲ್ಲಿ ಹೋಗಿ ಕುಳಿತಾಗ ನಮಗೆ ಜೊಂಪು ಹತ್ತುತ್ತದೆ. ಕೆಫೀನಿನ ಆಕಾರ ಅದನ್ನು ಹೋಲುವುದರಿಂದ ಮೊದಲೇ ಹೋಗಿ ಆ ಜಾಗ ಹಿಡಿಯುತ್ತದೆ, ಬಸ್ ನಿಲ್ಲುವ ಮುಂಚೆಯೇ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕಿದ ಹಾಗೆ. ದಣಿವು ಇಳಿದು ಹೋಗಿರುವುದಿಲ್ಲ, ಕೂರಲು ಜಾಗವಿಲ್ಲದೆ ನಿಂತಿರುತ್ತದೆ. ಆರೋಗ್ಯವಂತ ವಯಸ್ಕರ ದೇಹ ಕುಡಿದ ಕೆಫೀನಿನಲ್ಲಿ ಅರ್ಧವನ್ನು ಕಳೆಯಲು ಸುಮಾರು 5 ಗಂಟೆ ಹಿಡಿಯುತ್ತದೆ. ಗರ್ಭಿಣಿಯರಲ್ಲಿ ಇನ್ನೂ ಹೆಚ್ಚು. ಒಂದು ಕಪ್ಪು ಚಹಾದಲ್ಲಿ 40 ಮಿಲಿಗ್ರಾಂ ಎಂದು ಹಿಡಿದರೆ, ಸಂಜೆ ಏಳಕ್ಕೆ ಕುಡಿದದ್ದರಲ್ಲಿ 20 ಮಿಲಿಗ್ರಾಂ ರಾತ್ರಿ ಹನ್ನೆರಡಕ್ಕೆ ರಕ್ತದಲ್ಲಿ ಓಡಾಡುತ್ತಿರುತ್ತದೆ. ನನ್ನ ಹನಿ ಎಣಿಕೆಯ ಗುಟ್ಟು ಇದೇ.

ಡಬ್ಬಿಯ ಮೇಲಿನ ಹೆಸರನ್ನು ನಂಬಬೇಡಿ, ಹಿಂದೆ ಅಚ್ಚಾಗಿರುವ ಪದಾರ್ಥಗಳನ್ನು ಓದಿ. ತುಳಸಿಯ ಚಿತ್ರವಿದ್ದು ಒಳಗೆ ಗ್ರೀನ್ ಟೀ ಇರುವುದು ಸಾಮಾನ್ಯ. ಗ್ರೀನ್ ಟೀ, ವೈಟ್ ಟೀ, ಮಾಚಾ ಎಲ್ಲವೂ ಅದೇ ಚಹಾ ಗಿಡದ ಎಲೆಗಳು, ಎಲ್ಲದರಲ್ಲಿಯೂ ಕೆಫೀನ್ ಇದೆ. ದಕ್ಷಿಣ ಅಮೆರಿಕದ ಮಾಟೆ ಎಲೆ ಚಹಾ ಗಿಡದ್ದಲ್ಲದಿದ್ದರೂ ಅದರಲ್ಲಿಯೂ ಇದೆ. ಕೋಕೋದಲ್ಲಿ ಸ್ವಲ್ಪ ಇದೆ. ‘ಡಿಕ್ಯಾಫ್’ ಎಂದರೆ ತೆಗೆದದ್ದು, ಪೂರ್ತಿ ಇಲ್ಲದ್ದಲ್ಲ. ಇನ್ನೊಂದು ಮಾತು: ದಿನಕ್ಕೆ ಐದಾರು ಕಪ್ಪು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮರುದಿನದಿಂದ ತಲೆ ಸಿಡಿಯುತ್ತದೆ, ಒಂದು ವಾರದ ತನಕ ಕಾಡಬಹುದು. ಸಂಜೆಯ ಕಪ್ಪಿನಿಂದ ಶುರುಮಾಡಿ ನಿಧಾನವಾಗಿ ಇಳಿಯುವುದು ಒಳ್ಳೆಯದು.

ಕುದಿಸುವುದು ಬೇರೆ, ನೆನೆಸುವುದು ಬೇರೆ

ಕಷಾಯ ಎಂಬ ಒಂದೇ ಮಾತನ್ನು ನಾವು ಎಲ್ಲಕ್ಕೂ ಬಳಸುತ್ತೇವೆ. ಆಯುರ್ವೇದದವರು ಹಾಗೆ ಮಾಡುವುದಿಲ್ಲ. ನೀರಿನಲ್ಲಿ ಕುದಿಸಿ ಇಂಗಿಸಿದರೆ ಕ್ವಾಥ, ಬಿಸಿನೀರು ಹೊಯ್ದು ಮುಚ್ಚಿಟ್ಟರೆ ಫಾಂಟ, ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಯಿಟ್ಟರೆ ಹಿಮ. ಈ ಭೇದ ಪಂಡಿತರ ಹಟವಲ್ಲ, ಅಡುಗೆಮನೆಯ ಲಾಭ. ಬೇರು, ತೊಗಟೆ, ಬೀಜಗಳು ಗಟ್ಟಿ; ಅವುಗಳ ಸಾರ ಹೊರಬರಲು ಕುದಿಯಲೇಬೇಕು. ಎಲೆ, ಹೂವುಗಳ ಪರಿಮಳ ಆರಿಹೋಗುವ ಎಣ್ಣೆಗಳಲ್ಲಿರುತ್ತದೆ; ಕುದಿಸಿದರೆ ಅದು ಉಗಿಯೊಂದಿಗೆ ಎದ್ದು ಅಡುಗೆಮನೆಯನ್ನೆಲ್ಲ ಘಮಘಮಿಸುತ್ತದೆ. ಮನೆ ತುಂಬ ಘಮ ಬಂತೆಂದರೆ ಕಪ್ಪಿನಲ್ಲಿ ಕಡಿಮೆಯಾಯಿತು ಎಂದೇ ಅರ್ಥ. ಎಲೆ ಹಾಕಿದ ಮೇಲೆ ಉರಿ ಆರಿಸಿ, ತಟ್ಟೆ ಮುಚ್ಚಬೇಕು. ಐದು ನಿಮಿಷದ ನಂತರ ತಟ್ಟೆ ತೆಗೆದಾಗ ಅದರ ಒಳಮೈಗೆ ಕೂತ ಹನಿಗಳನ್ನು ಕಷಾಯಕ್ಕೇ ಕೊಡವಿರಿ.

ಬೆಳಗಾವಿಯ ಸಂತೆಯಲ್ಲಿ ಕೊತ್ತಂಬರಿ ಸಿವುಡಿನ ಪಕ್ಕದಲ್ಲಿ ಉದ್ದುದ್ದ ಹುಲ್ಲಿನ ಕಟ್ಟುಗಳು ಸಿಗುತ್ತವೆ. ಮರಾಠಿಯವರು ಗವತಿ ಚಹಾ ಎನ್ನುತ್ತಾರೆ, ಇಲ್ಲಿ ನಾವೂ ಹಾಗೆಯೇ ಕೇಳಿ ಕೊಳ್ಳುತ್ತೇವೆ. ಕನ್ನಡದಲ್ಲಿ ಅದು ಮಜ್ಜಿಗೆ ಹುಲ್ಲು. ಅದಕ್ಕೆ ನಿಂಬೆಯ ವಾಸನೆ ಇರುವುದರಿಂದ ಹಾಲು ಒಡೆಯುತ್ತದೆಂದು ಕೆಲವರು ಹೆದರುತ್ತಾರೆ. ವಾಸನೆ ಬರುವುದು ಸಿಟ್ರಾಲ್ ಎಂಬ ಎಣ್ಣೆಯಂಶದಿಂದ. ನಿಂಬೆರಸದ ಹುಳಿಗೂ ಅದಕ್ಕೂ ನಂಟಿಲ್ಲ. ನಿಂಬೆಯ ಘಮ ಬೇಕು, ಹಾಲೂ ಉಳಿಯಬೇಕು ಎಂದರೆ ಈ ಹುಲ್ಲಿಗಿಂತ ಒಳ್ಳೆಯದಿಲ್ಲ. ನನ್ನ ಮಟ್ಟಿಗೆ ತುಳಸಿಗಿಂತ ಇದು ಮೇಲು. ತುಳಸಿ ಹಾಲಿನಲ್ಲಿ ಸ್ವಲ್ಪ ದೇವಸ್ಥಾನದ ತೀರ್ಥದಂತೆ ಆಗುತ್ತದೆ.

ಈಗ ಹುರಿಯುವ ವಿಷಯ. ಹವೀಜವನ್ನು (ಕೊತ್ತಂಬರಿ ಬೀಜ), ಬಡೇಸೋಪನ್ನು, ಚಿಟಿಕೆ ಜೀರಿಗೆಯನ್ನು ಸಣ್ಣ ಉರಿಯಲ್ಲಿ ಹುರಿದಾಗ ಬೀಜದೊಳಗಿನ ಸಕ್ಕರೆ, ಪ್ರೋಟೀನುಗಳು ಬಿಸಿಗೆ ಕೂಡಿಕೊಂಡು ಕಂದುಬಣ್ಣ, ಸಣ್ಣ ಕಹಿ, ರೊಟ್ಟಿಯ ಹೊಟ್ಟೆ ಸುಟ್ಟಾಗ ಬರುವಂಥ ವಾಸನೆ ಹುಟ್ಟುತ್ತವೆ. ಚಹಾದ ಒಗರಿಲ್ಲದ ಕೊರತೆಯನ್ನು ತುಂಬುವುದು ಈ ಕಹಿ. ಹಸಿ ಬೀಜ ಹಾಕಿ ಮಾಡಿದ ಕಷಾಯಕ್ಕೂ ಹುರಿದು ಹಾಕಿದ್ದಕ್ಕೂ ಒಂದು ಗುಟುಕಿನಲ್ಲಿ ವ್ಯತ್ಯಾಸ ತಿಳಿಯುತ್ತದೆ.

ಹುರಿದ ಪದಾರ್ಥ ಎಂದಾಗ ಅತ್ತೆ ಒಂದು ಮಾತು ಸೇರಿಸಿದರು: "ಒಂದು ಚಮಚ ಬಿಳಿಜೋಳದ ಹಿಟ್ಟು ಹುರಿದು ಹಾಕಿ ನೋಡು." ವಿಜಯಪುರದವರು ಯಾವ ಕಾಯಿಲೆಗೂ ಜೋಳವನ್ನೇ ಮದ್ದೆನ್ನುತ್ತಾರೆ ಎಂದು ನಾನು ಮನಸ್ಸಿನಲ್ಲಿಯೇ ನಕ್ಕೆ. ಮಾಡಿ ನೋಡಿದ ಮೇಲೆ ನಗು ನಿಂತಿತು. ಹುರಿದ ಜೋಳ ಬಣ್ಣ ಕೊಡುತ್ತದೆ, ಹುರಿದ ಕಾಳಿನ ರುಚಿ ಕೊಡುತ್ತದೆ. ಅದರಲ್ಲಿರುವ ಪಿಷ್ಟ ಹಾಲಿನಲ್ಲಿ 70–75 ಡಿಗ್ರಿ ದಾಟಿದಾಗ ನೀರು ಹೀರಿ ಉಬ್ಬಿ, ಇಡೀ ಪಾನೀಯವನ್ನು ಒಂದೆಳೆ ದಪ್ಪವಾಗಿಸುತ್ತದೆ. ಒಂದು ಚಮಚಕ್ಕಿಂತ ಹೆಚ್ಚಾದರೆ ಅಂಬಲಿ.

ಹಾಲು ಯಾಕೆ ಒಡೆಯುತ್ತದೆ

ಹಾಲಿನಲ್ಲಿ ಕೇಸಿನ್ ಅತಿ ಸಣ್ಣ ಉಂಡೆಗಳಾಗಿ ತೇಲುತ್ತಿರುತ್ತದೆ. ಪ್ರತಿ ಉಂಡೆಯ ಮೇಲೆಯೂ ಋಣ ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ, ಕೂಡಿಕೊಳ್ಳುವುದಿಲ್ಲ. ಹುಳಿಯನ್ನು ಅಳೆಯುವ ಪಿಎಚ್ ಎಂಬ ಅಂಕಿ ತಾಜಾ ಹಾಲಿನಲ್ಲಿ 6.6ರ ಆಸುಪಾಸು; ಹುಳಿ ಏರಿದಷ್ಟೂ ಅದು ಇಳಿಯುತ್ತದೆ. ಹುಳಿ ಬಿದ್ದು ಅದು 4.6ರ ಕಡೆಗೆ ಇಳಿದಂತೆ ಆ ತಳ್ಳಾಟ ಸಾಯುತ್ತದೆ, ಉಂಡೆಗಳು ಒಂದಕ್ಕೊಂದು ಅಂಟಿ ಗಡ್ಡೆಯಾಗುತ್ತವೆ. ಮೊಸರು ಹೆಪ್ಪುಗಟ್ಟುವುದೂ ಇದರಿಂದಲೇ. ಆದರೆ ಹಾಲು ಕುದಿಯುತ್ತಿದ್ದರೆ ಅಷ್ಟು ಕೆಳಗೆ ಇಳಿಯಬೇಕಾಗಿಯೂ ಇಲ್ಲ, ಸ್ವಲ್ಪ ಹುಳಿಯೇ ಸಾಕು. ಒಲೆಯ ಮೇಲೆ ಒಡೆಯುವ ಹಾಲು ಕಪ್ಪಿನಲ್ಲಿ ಒಡೆಯದಿರುವುದು ಇದಕ್ಕೇ.

ಒಡೆಸುವವರಲ್ಲಿ ಮೊದಲನೆಯವರು ಹುಳಿ ಹೂಗಳು. ಪೇಟೆಯ ಹರ್ಬಲ್ ಡಬ್ಬಿಗಳಲ್ಲಿ ‘ಹೈಬಿಸ್ಕಸ್’ ಎಂದು ಕಾಣುವ ಕೆಂಪು ದಳಗಳು ನಮ್ಮ ಪುಂಡಿಪಲ್ಯದ ಬಳಗದ ಗಿಡದ ಪುಷ್ಪಪಾತ್ರೆಗಳು, ಅಂದರೆ ಹೂವಿನ ಬುಡವನ್ನು ಸುತ್ತುವ ಎಸಳುಗಳು. ಪುಂಡಿಪಲ್ಯದ ಹುಳಿ ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಆ ಡಬ್ಬಿಯನ್ನು ನೀರಿನಲ್ಲಿ ಮಾತ್ರ ಬಳಸಿ.

ಎರಡನೆಯದು ಹಸಿಶುಂಠಿ. ಇಲ್ಲಿ ತಪ್ಪು ಹುಳಿಯದ್ದಲ್ಲ. ಶುಂಠಿಯಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವವಿದೆ. ಚೀನಾದ ದಕ್ಷಿಣ ಭಾಗದಲ್ಲಿ ಬಿಸಿ ಹಾಲಿಗೆ ಶುಂಠಿರಸ ಬೆರೆಸಿ ಬೇಕೆಂದೇ ಹೆಪ್ಪುಗಟ್ಟಿಸಿ ತಿನ್ನುತ್ತಾರೆ. ನೀರಿನಲ್ಲಿ ಎರಡು ನಿಮಿಷ ಕುದಿಸಿದರೆ ಆ ಕಿಣ್ವ ಸಾಯುತ್ತದೆ. ಚಹಾ ಮಾಡುವಾಗ ಶುಂಠಿಯನ್ನು ಮೊದಲು ನೀರಿಗೆ ಜಜ್ಜಿ ಹಾಕಿ, ಹಾಲನ್ನು ಆಮೇಲೆ ಹೊಯ್ಯುವ ನಮ್ಮ ತಾಯಂದಿರ ಕ್ರಮದಲ್ಲಿ ಈ ರಸಾಯನಶಾಸ್ತ್ರ ಅಡಗಿ ಕುಳಿತಿತ್ತು.

ಮೂರನೆಯದು, ನಮ್ಮ ಕಡೆಯವರಿಗೆ ನಿಜವಾಗಿ ತಲೆನೋವಾದದ್ದು, ಬೆಲ್ಲ. ಮಹಾಲಿಂಗಪುರದ ಬೆಲ್ಲದ ಪೇಟೆ ಇಷ್ಟು ಹತ್ತಿರವಿರುವಾಗ ಸಕ್ಕರೆ ಹಾಕಲು ಮನಸ್ಸು ಬರುವುದಿಲ್ಲ. ಕಬ್ಬಿನ ರಸದಲ್ಲಿಯೇ ಸಣ್ಣ ಪ್ರಮಾಣದ ಆಮ್ಲಗಳು, ಲವಣಗಳು ಇರುತ್ತವೆ. ಬೆಲ್ಲವಾದಾಗ ಅವೂ ಗಟ್ಟಿಯಾಗಿ ಉಳಿಯುತ್ತವೆ. ಮಳೆಗಾಲದಲ್ಲಿ ಬೆಲ್ಲ ನೀರೊಡೆದು ಜಿನುಗತೊಡಗಿದರೆ ಹುಳಿ ಇನ್ನೂ ಏರುತ್ತದೆ. ಅದೇ ಬೆಲ್ಲದ ಪೆಂಟೆ ಏಪ್ರಿಲ್‌ನಲ್ಲಿ ಒಡೆಸದ ಹಾಲನ್ನು ಜುಲೈನಲ್ಲಿ ಒಡೆಸುವುದು ಹೀಗೆ. ಮದ್ದು ಸುಲಭ: ಬೆಲ್ಲವನ್ನು ಕುದಿಯುವ ಹಾಲಿಗೆ ಎಂದೂ ಹಾಕಬೇಡಿ. ಸೋಸಿದ ಕಷಾಯದಲ್ಲಿ ಕರಗಿಸಿ, ಕುದಿ ಇಳಿದ ಹಾಲನ್ನು ಅದಕ್ಕೆ ಬೆರೆಸಿ, ಮತ್ತೆ ಒಲೆಗೆ ಏರಿಸದಿರಿ.

ಕೆನೆ ಒಂದು, ನೊರೆ ಇನ್ನೊಂದು

ಇವೆರಡನ್ನೂ ಒಂದೇ ಎಂದುಕೊಂಡು ನಾನು ಬಹಳ ದಿನ ಕಳೆದೆ. ಗಂಟಲಿಗೆ ನುಣ್ಣಗೆ ಇಳಿಯುವ ಅನುಭವ ಕೊಡುವುದು ಕೊಬ್ಬು. ಮೇಲೆ ನಿಲ್ಲುವ ನೊರೆ ಪ್ರೋಟೀನಿನದು. ಗಾಳಿಗುಳ್ಳೆಯ ಸುತ್ತ ಪ್ರೋಟೀನ್ ತೆಳುಪೊರೆ ಕಟ್ಟಿ ಅದನ್ನು ಹಿಡಿದಿಡುತ್ತದೆ. ಕೊಬ್ಬು ಆ ಪೊರೆಯನ್ನು ತೂತು ಮಾಡುವುದೇ ಹೆಚ್ಚು. ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇಕಡಾ 3, ಫುಲ್ ಕ್ರೀಮ್ ಹಾಲಿನಲ್ಲಿ ಶೇಕಡಾ 6. ಗವಳಿಗರು ತರುವ ಎಮ್ಮೆಯ ಹಾಲು ಇನ್ನೂ ಮೇಲಕ್ಕೆ ಹೋಗಬಹುದು. ಟೋನ್ಡ್ ಹಾಲು ಬೆಟ್ಟದಂತೆ ನೊರೆ ಕೊಡುತ್ತದೆ, ಕುಡಿದರೆ ತೆಳು. ಎಮ್ಮೆ ಹಾಲು ಕುಡಿಯಲು ಸೊಗಸು, ನೊರೆ ಮೊಂಡು. ಎರಡನ್ನೂ ಅರ್ಧರ್ಧ ಬೆರೆಸಿದ ದಿನ ನನಗೆ ಬೇಕಾದದ್ದು ಸಿಕ್ಕಿತು. ಒಂದೇ ಆರಿಸಿಕೊಳ್ಳಿ ಎಂದರೆ ನಾನು ಎಮ್ಮೆಯ ಕಡೆ. ನೊರೆ ನೋಡಲು, ಕೆನೆ ಕುಡಿಯಲು.

ಬಿಸಿಯ ಲೆಕ್ಕವೂ ಉಂಟು. ಉಗುರುಬೆಚ್ಚಗಿನ ಹಾಲನ್ನು ಎಷ್ಟು ಕಡೆದರೂ ನೊರೆ ನಿಲ್ಲುವುದಿಲ್ಲ, ಏಕೆಂದರೆ ಆಗ ಕೊಬ್ಬು ಅರ್ಧ ಗಟ್ಟಿ, ಅರ್ಧ ದ್ರವವಾಗಿದ್ದು ಗುಳ್ಳೆಗಳಿಗೆ ಸೂಜಿಯಂತೆ ಚುಚ್ಚುತ್ತದೆ. 60ರಿಂದ 65 ಡಿಗ್ರಿ ಹದವಾದದ್ದು. ಥರ್ಮಾಮೀಟರ್ ಇಲ್ಲದವರು ಹಾಲನ್ನು ಸ್ಟೀಲ್ ಲೋಟಕ್ಕೆ ಹಾಕಿ ಹಿಡಿದು ನೋಡಿ. ಒಂದೆರಡು ಕ್ಷಣದಲ್ಲಿ ಕೈ ತೆಗೆಯಬೇಕು ಅನಿಸಿದರೆ ಸರಿಯಾಗಿದೆ. ಕಡೆಯಲು ಮಜ್ಜಿಗೆಯ ಸಣ್ಣ ಕಡಗೋಲು ಸಾಕು. ಬ್ಯಾಟರಿ ಹಾಕಿ ತಿರುಗಿಸುವ ಪುಟ್ಟ ಯಂತ್ರಗಳೂ ಬಂದಿವೆ, ಇಪ್ಪತ್ತು ಸೆಕೆಂಡಿನಲ್ಲಿ ಕೆಲಸ ಮುಗಿಸುತ್ತವೆ. ಏನೂ ಇಲ್ಲದಿದ್ದರೆ ಹೋಟೆಲಿನವರಂತೆ ಎರಡು ಲೋಟಗಳ ನಡುವೆ ಎತ್ತಿ ಎತ್ತಿ ಹೊಯ್ಯಿರಿ, ಕೆಳಗೊಂದು ತಟ್ಟೆ ಇಟ್ಟುಕೊಂಡು.

ಆಯುರ್ವೇದದಲ್ಲಿ ಕ್ಷೀರಪಾಕ ಎಂಬ ಕ್ರಮವಿದೆ. ಒಂದು ಪಾಲು ಮೂಲಿಕೆ, ಎಂಟು ಪಾಲು ಹಾಲು, ಮೂವತ್ತೆರಡು ಪಾಲು ನೀರು ಕೂಡಿಸಿ, ಹಾಲಿನಷ್ಟೇ ಉಳಿಯುವ ತನಕ ಕುದಿಸುವುದು. ನೀರು ಮೂಲಿಕೆಯ ಸಾರವನ್ನು ಎಳೆದುಕೊಳ್ಳುತ್ತದೆ, ಹಾಲು ತಳ ಹಿಡಿಯದಂತೆ ಕಾಯುತ್ತದೆ, ಕೊನೆಗೆ ತಾನು ಆವಿಯಾಗಿ ಹೊರಟುಹೋಗುತ್ತದೆ. ನೀರಿನಲ್ಲಿ ಕರಗದೆ ಕೊಬ್ಬಿನಲ್ಲಿ ಕರಗುವ ಅಂಶಗಳು, ಅರಿಸಿನದ ಹಳದಿಯಂಥವು, ಹಾಲಿಗೆ ಇಳಿಯುತ್ತವೆ. ಲಾಟೆಯ ತತ್ವವೆಲ್ಲ ಇದರಲ್ಲಿದೆ, ನೊರೆಯೊಂದನ್ನು ಬಿಟ್ಟು. ಆದರೆ ಆ ಪ್ರಮಾಣದಲ್ಲಿ ಮಾಡಲು ಹೊರಟರೆ ಗ್ಯಾಸ್ ಸಿಲಿಂಡರ್ ಅಳುತ್ತದೆ. ಅದೂ ಅಲ್ಲದೆ ಅದು ಔಷಧದ ಪ್ರಮಾಣ, ಅತ್ತೆಯ ಜ್ವರದ ಪ್ರಶ್ನೆ ಮತ್ತೆ ಎದ್ದೀತು.

ಎರಡು ಕಪ್ಪಿಗೆ

ನಾನು ಮಾಡುವುದು ಹೀಗೆ. ಎರಡು ಚಹಾಚಮಚ ಹವೀಜ, ಒಂದು ಚಮಚ ಬಡೇಸೋಪು, ಕಾಲು ಚಮಚ ಜೀರಿಗೆ ಹುರಿದು, ಆರಿದ ಮೇಲೆ ತರಿತರಿಯಾಗಿ ಕುಟ್ಟುತ್ತೇನೆ. ಕಾಲು ಲೀಟರ್ ನೀರಿಗೆ ಅದನ್ನೂ ಅರ್ಧ ಇಂಚು ಹಸಿಶುಂಠಿಯನ್ನೂ ಹಾಕಿ ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ, ನೀರು ಒಂದೂವರೆ ನೂರು ಮಿಲಿಲೀಟರಿಗೆ ಇಳಿಯುವ ತನಕ ಕುದಿಸುತ್ತೇನೆ. ಉರಿ ಆರಿಸಿ, ಎರಡೆಳೆ ಗವತಿ ಚಹಾವನ್ನು ಗಂಟು ಕಟ್ಟಿ ಹಾಕಿ, ಎರಡು ಯಾಲಕ್ಕಿ ಜಜ್ಜಿ ಹಾಕಿ, ತಟ್ಟೆ ಮುಚ್ಚುತ್ತೇನೆ.

ಅದು ನೆನೆಯುವಷ್ಟರಲ್ಲಿ ಹಾಲಿನ ಕೆಲಸ. ಮುನ್ನೂರು ಮಿಲಿಲೀಟರ್ ಹಾಲಿನಲ್ಲಿ ಎರಡು ಚಮಚವನ್ನು ತಣ್ಣಗಿರುವಾಗಲೇ ತೆಗೆದು, ಕೆಂಪಗೆ ಹುರಿದ ಒಂದು ಚಮಚ ಜೋಳದ ಹಿಟ್ಟನ್ನು ಅದರಲ್ಲಿ ಗಂಟಿಲ್ಲದಂತೆ ಕಲಸಬೇಕು. ಬಿಸಿ ಹಾಲಿಗೆ ಹಿಟ್ಟು ನೇರವಾಗಿ ಉದುರಿಸಿದರೆ ಗಂಟು ಖಂಡಿತ. ಉಳಿದ ಹಾಲು ಕುದಿಗೆ ಬಂದಾಗ ಇದನ್ನು ಸೇರಿಸಿ ಎರಡು ನಿಮಿಷ ತಿರುವಬೇಕು, ಹಸಿ ಹಿಟ್ಟಿನ ವಾಸನೆ ಹೋಗಬೇಕು. ಕೆಳಗಿಳಿಸಿ, ಲೋಟ ಹಿಡಿದ ಕೈ ಒಂದೆರಡು ಕ್ಷಣವಷ್ಟೇ ತಡೆಯುವ ಹದಕ್ಕೆ ಬಂದಾಗ ಕಡೆಯಬೇಕು. ಕಷಾಯವನ್ನು ಸೋಸಿ, ಎರಡು ಚಮಚ ಬೆಲ್ಲ ಕರಗಿಸಿ ಕಪ್ಪುಗಳಿಗೆ ಹಂಚಿ, ಮೇಲಿನಿಂದ ಹಾಲನ್ನು ಹೊಯ್ದು, ನೊರೆಯನ್ನು ಚಮಚದಿಂದ ಕೊನೆಗೆ ಇಳಿಸಬೇಕು. ಮೇಲೆ ಜಾಜಿಕಾಯಿ ಒಂದೇ ಒಂದು ಉಜ್ಜು.

ಒಗರು ಇನ್ನೂ ಬೇಕು ಎನ್ನುವವರು ಒಣಗಿಸಿದ ದಾಳಿಂಬೆ ಸಿಪ್ಪೆಯನ್ನು ಉಗುರಿನಷ್ಟು ಕಷಾಯಕ್ಕೆ ಹಾಕಬಹುದು. ಬಾಗಲಕೋಟೆ, ವಿಜಯಪುರದ ತೋಟಗಳಲ್ಲಿ ದಾಳಿಂಬೆಗೆ ಬರವಿಲ್ಲ, ಸಿಪ್ಪೆಯಲ್ಲಿ ಟ್ಯಾನಿನ್ ದಂಡಿಯಾಗಿದೆ. ಆದರೆ ದಾಳಿಂಬೆಗೆ ಹೊಡೆಯುವ ಔಷಧವೂ ಕಡಿಮೆಯೇನಲ್ಲ. ಹಿತ್ತಲ ಗಿಡದ್ದಾದರೆ ಮಾತ್ರ ನಾನು ಹಾಕುತ್ತೇನೆ. ದಕ್ಷಿಣ ಆಫ್ರಿಕಾದ ರೂಯಿಬೋಸ್ ಎಲೆ ಸಿಕ್ಕರೆ ಇಷ್ಟೆಲ್ಲ ಪಾಡು ಬೇಡ. ಅದರಲ್ಲಿ ಕೆಫೀನ್ ಇಲ್ಲ, ಬಣ್ಣ ಚಹಾದಂತೆಯೇ ಕೆಂಪು, ಹಾಲನ್ನು ಚೆನ್ನಾಗಿ ತಾಳುತ್ತದೆ. ಬೆಲೆ ಕೇಳಿದಾಗ ಮಾತ್ರ ಜೋಳದ ಹಿಟ್ಟಿನ ಮೇಲೆ ಪ್ರೀತಿ ಮರಳುತ್ತದೆ. ಕಾಫಿಯ ಕಡೆಯವರಿಗೆ ಬರಿ ಚಿಕೋರಿ ಇದೆ. ಅದು ಹುರಿದ ಬೇರು, ಕೆಫೀನ್ ಇಲ್ಲ.

ಹಾಲು ಒಗ್ಗದವರಿಗೆ ಓಟ್ಸ್ ಹಾಲಿನ ಪೊಟ್ಟಣ ಹುಡುಕಬೇಕಾಗಿಲ್ಲ. ಹುಗ್ಗಿಗೆಂದು ಕುಸುಬಿಯನ್ನು ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆಯುವ ರೂಢಿ ನಮ್ಮ ಕಡೆಯದೇ. ಶೇಂಗಾ ಹಾಲೂ ಆಗುತ್ತದೆ, ಹಸಿ ಕಾಳಿನ ವಾಸನೆ ಹೋಗುವಂತೆ ಚೆನ್ನಾಗಿ ಕಾಯಿಸಬೇಕು. ನೊರೆಯ ಆಸೆಯನ್ನು ಬಿಡಬೇಕು, ಅಷ್ಟೇ.

ಸಿಹಿಗೆಂದು ಜ್ಯೇಷ್ಠಮಧು ಹಾಕುವವರಿಗೆ ಒಂದು ಎಚ್ಚರಿಕೆ. ಅದನ್ನು ದಿನವೂ ಕುಡಿದರೆ ರಕ್ತದೊತ್ತಡ ಏರುತ್ತದೆ, ದೇಹದ ಪೊಟ್ಯಾಸಿಯಂ ಇಳಿಯುತ್ತದೆ. ಬಿಪಿಯ ಮಾತ್ರೆ ನುಂಗುವವರು ಅದರ ತಂಟೆಗೇ ಹೋಗಬಾರದು. ಅಶ್ವಗಂಧದಂಥವನ್ನು ಗರ್ಭಿಣಿಯರು ತಾವಾಗಿಯೇ ಬೆರೆಸಿಕೊಳ್ಳಬಾರದು. ಈ ಕೆನೆಚಹಾ ನಿದ್ದೆ ಬರಿಸುತ್ತದೆ ಎಂದು ನಾನು ಹೇಳುವುದಿಲ್ಲ. ಬರುವ ನಿದ್ದೆಗೆ ಅಡ್ಡ ಬರುವುದಿಲ್ಲ.

ಸೋಸಿದ ಕಷಾಯ ಫ್ರಿಜ್‌ನಲ್ಲಿ ಎರಡು ದಿನ ಇರುತ್ತದೆ, ಹಾಲನ್ನು ಮಾತ್ರ ಆಗಾಗಲೇ ಬೆರೆಸಿಕೊಳ್ಳಬೇಕು. ಅತ್ತೆ ಊರಿಗೆ ಹೋಗುವಾಗ ಕುಟ್ಟಿದ ಪುಡಿಯನ್ನು ಒಂದು ಡಬ್ಬಿ ಒಯ್ದಿದ್ದರು. ವಿಜಯಪುರದ ಬೇಸಿಗೆಯಲ್ಲಿ ಅದನ್ನು ತಣ್ಣಗೆ ಮಾಡಿ, ಮಣ್ಣಿನ ಗಡಿಗೆಯ ಪಕ್ಕದಲ್ಲಿಟ್ಟು ಮಧ್ಯಾಹ್ನ ಕುಡಿಯುತ್ತಾರಂತೆ. ಮಾವನವರ ಕಪ್ಪಿಗೆ ಮಾತ್ರ ಬಿಸಿಯಾಗಿ, ಅವರಿಗೆ ಕಾಣದಂತೆ ಅರ್ಧ ಚಮಚ ಚಹಾಪುಡಿ ಹಾಕುತ್ತಾರಂತೆ. ಇಲ್ಲದಿದ್ದರೆ ಅವರು ಬಸಿಗೆ ಸುರಿದುಕೊಳ್ಳುವುದೇ ಇಲ್ಲ.